ತಣ್ಣೀರು ಬೆರೆಸಲು ಬಿಡದ ಸಿಸ್ಟರ್

ಸಿಸ್ಟರ್ ಅವರ ಎಡ ಹುಬ್ಬು ನಡುವಿನಲ್ಲಿ ತುಂಡಾಗಿತ್ತು. ಅಲ್ಲಿ ಕೂದಲಿರಲಿಲ್ಲ, ಅಕ್ಕಿಕಾಳಿನಷ್ಟು ಬಿಳಿ ಗೆರೆ ಮಾತ್ರ. ಸಿಟ್ಟು ಬಂದಾಗ ಗೆರೆಯ ಹೊರಗಿನ ಅರ್ಧ ಮೇಲೇರುತ್ತಿತ್ತು, ಒಳಗಿನ ಅರ್ಧ ಇದ್ದಲ್ಲೇ ಇರುತ್ತಿತ್ತು. ನಮ್ಮ ಆರೋಗ್ಯ ಕೇಂದ್ರದ ಮೆಟ್ಟಿಲು ಹತ್ತಿದವರು ಡಾಕ್ಟರು ಬಂದಿದ್ದಾರೋ ಎಂದು ನೋಡುವ ಮೊದಲು ಆ ಹುಬ್ಬು ಎಲ್ಲಿದೆ ಎಂದು ನೋಡುತ್ತಿದ್ದರು.

ಹುಬ್ಬು ತುಂಡಾದ ಕತೆಯನ್ನು ಊರಿಗೆ ಹಂಚಿದವನು ನಾನೇ. ಒಬ್ಬರಿಗೆ, ಚಾರ್ಮಾಡಿಯಲ್ಲಿ ಕಾಡುಕೋಣದ ಜೊತೆ ಜಗಳವಾದದ್ದು ಎಂದೆ. ಇನ್ನೊಬ್ಬರಿಗೆ, ನೋಡಲು ಬಂದ ಹುಡುಗನನ್ನು ಮೊದಲೇ ನೋಡಿಬಿಡಬೇಕೆಂದು ಮಾವಿನ ಮರ ಹತ್ತಿ ಬಿದ್ದದ್ದು ಎಂದೆ. ನಿಜ ಏನೆಂದು ನನಗೂ ಗೊತ್ತಿರಲಿಲ್ಲ. ಒಂದು ದಿನ ಸಿಸ್ಟರ್ ನನ್ನನ್ನು ಕರೆದು ಕೂರಿಸಿದರು.

"ಅಣ್ಣ, ನಿನ್ನೆ ಒಬ್ಬರು ಬಂದು ಆ ಕಾಡುಕೋಣ ಹೇಗಿತ್ತು ಅಂತ ಕೇಳಿದ್ರು. ನಾನು ಸಣ್ಣದು, ಕರು, ಅಂದೆ. ನೀವು ಎಷ್ಟು ದೊಡ್ಡದು ಅಂತ ಹೇಳಿದ್ದೀರಿ?"

"ಬಸ್ಸಿನಷ್ಟು ಅಂತ ಹೇಳಿದ್ದೆ ಸಿಸ್ಟರ್."

"ನೋಡಿ, ಹೀಗೆ ಆಗ್ತದೆ. ಇನ್ನು ಮುಂದೆ ನನ್ನ ಹತ್ತಿರ ಒಂದು ಮಾತು ಕೇಳಿ ಹೇಳಿ. ಇಬ್ಬರದ್ದೂ ಒಂದೇ ಇರ್ಲಿ."

ನಮ್ಮ ಮಾತೆಲ್ಲ ನಡೆದದ್ದು ತುಳುವಿನಲ್ಲಿ. ಬರೆಯುವಾಗ ಕನ್ನಡವಾಗಿದೆ. ರುಚಿ ಸ್ವಲ್ಪ ಕಡಿಮೆಯಾಗಿದ್ದರೆ ಅದಕ್ಕೆ ನಾನು ಹೊಣೆಯಲ್ಲ.

ನಾನು ಮೂಡುಬಿದಿರೆಯಿಂದ ಗುರುವಾಯನಕೆರೆ ದಾರಿಯಾಗಿ ಬೆಳ್ತಂಗಡಿಗೆ ಹೋಗುವ ಸರ್ವಿಸ್ ಬಸ್ಸಿನಲ್ಲಿ ಕಂಡಕ್ಟರನಾಗಿದ್ದವನು. ನನ್ನ ಸೀಟಿ ಕೇಳಿದರೆ ಮುಂದಿನ ಸ್ಟಾಪಿನಲ್ಲಿ ಮಲಗಿದ ನಾಯಿಯೂ ಎದ್ದು ನಿಲ್ಲುತ್ತಿತ್ತು. ಕೆಲಸ ಬಿಟ್ಟ ಮೇಲೆ ಊರಿನ ಸಮಾರಂಭಗಳಲ್ಲಿ ಬಡಿಸುವವರ ಗುಂಪಿಗೆ ಯಜಮಾನನಾದೆ. ನಮ್ಮಲ್ಲಿ ಅಡುಗೆಗೆ ಕ್ಯಾಟರಿಂಗಿನವರನ್ನು ಕರೆದರೂ ಬಡಿಸುವುದು ನೆರೆಕರೆಯವರೇ. ಓಡುವ ಬಸ್ಸಿನಲ್ಲಿ ಕಂಬ ಹಿಡಿಯದೆ ಟಿಕೆಟು ಹರಿದವನಿಗೆ ಸಾರಿನ ಬಕೆಟು ಹಿಡಿದು ಪಂಕ್ತಿಯ ನಡುವೆ ಓಡುವುದು ಏನು ದೊಡ್ಡ ವಿಷಯ? ನನ್ನ ಕೈಯ ಸಾರು ಯಾರ ಬಿಳಿ ಪಂಚೆಗೂ ಬಿದ್ದದ್ದಿಲ್ಲ. ಬಿದ್ದಿದೆ ಎನ್ನುವವರು ಪಂಚೆ ತಂದು ತೋರಿಸಲಿ.

ಸಿಸ್ಟರ್ ನಮ್ಮಲ್ಲಿಗೆ ಬಂದ ಹೊಸತರಲ್ಲಿ ನಾನು ಒಮ್ಮೆ ಪ್ರೆಷರ್ ತೋರಿಸಲು ಹೋಗಿದ್ದೆ. ಸಾಲು ಗೇಟಿನವರೆಗೆ ಇತ್ತು. "ಡಾಕ್ಟರು ಮೀಟಿಂಗಿಗೆ ಬೆಳ್ತಂಗಡಿಗೆ ಹೋದ್ರಂತೆ, ಇವತ್ತು ಬರುವುದಿಲ್ಲ" ಎಂದು ಪಕ್ಕದವರ ಕಿವಿಯಲ್ಲಿ ಹೇಳಿದೆ. ಸಾಲು ಕರಗಿತು. ನಾನು ರಾಜನ ಹಾಗೆ ಒಳಗೆ ಹೋದೆ. ಸಿಸ್ಟರ್ ಖಾಲಿ ಅಂಗಳ ನೋಡಿದರು, ನನ್ನನ್ನು ನೋಡಿದರು, ಹೊರಗೆ ಬಂದು ನನಗಿಂತ ದೊಡ್ಡ ಸ್ವರದಲ್ಲಿ ಕೂಗಿದರು: "ಎಲ್ಲರೂ ವಾಪಸ್ ಬನ್ನಿ. ಡಾಕ್ಟರು ಇದ್ದಾರೆ. ಈ ಅಣ್ಣನಿಗೆ ಇಂಜೆಕ್ಷನ್ ಅಂದ್ರೆ ಹೆದರಿಕೆಯಂತೆ, ಹಿಡ್ಕೊಳ್ಳಲಿಕ್ಕೆ ಜನ ಬೇಕು." ಗೇಟಿನಾಚೆಯಿಂದ ಅಷ್ಟೂ ಜನ ನಗುತ್ತಾ ಬಂದರು. ನನಗೆ ಇಂಜೆಕ್ಷನ್ನೇ ಇರಲಿಲ್ಲ. ಆದರೂ ಆ ದಿನದಿಂದ ನನ್ನನ್ನು ಕಂಡವರೆಲ್ಲ ತೋಳು ಹಿಡಿದುಕೊಂಡು ನಗತೊಡಗಿದರು. ಮೂರು ತಾಲೂಕಿನ ಪ್ರಯಾಣಿಕರನ್ನು ಆಡಿಸಿದ ನಾನು ಸೋತದ್ದು ಇವರೊಬ್ಬರಿಗೆ.

ಆಮೇಲೆ ಒಂದು ಬೇಸಿಗೆ ಬಂತು. ಆ ಬೇಸಿಗೆಯಲ್ಲಿ ನಾವಿಬ್ಬರೂ ಹೆಚ್ಚು ನಗಲಿಲ್ಲ.

ನಮ್ಮ ಮನೆಯಿಂದ ಗದ್ದೆ ದಾಟಿದರೆ ಬೀಡಿ ಕಟ್ಟುವ ಒಬ್ಬ ಹೆಂಗಸಿನ ಮನೆ. ಅವಳ ಒಬ್ಬಳೇ ಮಗಳನ್ನು ಬಂಟ್ವಾಳದ ಕಡೆಗೆ ಕೊಟ್ಟಿದ್ದರು. ಹುಡುಗಿಯ ಸೀಮಂತ ಪಾಣೆಮಂಗಳೂರಿನ ಆಚೆಯ ಒಂದು ಮದುವೆ ಹಾಲ್‌ನಲ್ಲಿ ನಡೆಯಿತು. ಊರಿನವರು ಒಂದು ಬಸ್ಸು ಮಾಡಿಕೊಂಡು ಹೋಗಿ, ಮಡಿಲು ತುಂಬಿಸಿ, ಹೆರಿಗೆಗೆಂದು ಅವಳನ್ನು ತಾಯಿಮನೆಗೆ ಕರೆತಂದರು. ನನ್ನ ಹೆಂಡತಿ ಹೋಗಿದ್ದಳು. ನಾನು ಮೊಣಕಾಲು ಊದಿಸಿಕೊಂಡು ಮನೆಯಲ್ಲಿದ್ದೆ.

ತಿಂಗಳು ಕಳೆದ ಮೇಲೆ ಬಸ್ಸಿನಲ್ಲಿ ಹೋದವರಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಮಲಗಿದರು. ಊಟ ಸೇರುವುದಿಲ್ಲ, ವಾಂತಿ, ಆಮೇಲೆ ಕಣ್ಣು ಹಳದಿ. ಗಂಡಸರು ಹಳ್ಳಿ ಮದ್ದು ಕುಡಿದು, ಪಥ್ಯ ಮಾಡಿ ಎದ್ದರು. ಹುಡುಗಿಗೂ ತಾಯಿ ಅದೇ ಮದ್ದನ್ನು ಮಜ್ಜಿಗೆಯಲ್ಲಿ ಅರೆದು ಕೊಟ್ಟಳು. ಬಸುರಿಯರನ್ನು ನೋಡಲು ಮನೆಮನೆಗೆ ಹೋಗುತ್ತಿದ್ದ ಸಿಸ್ಟರ್ ಅವಳ ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿದವರು ಹಾಗೇ ಹೊರಗೆ ಬಂದು ಆಂಬುಲೆನ್ಸಿಗೆ ಫೋನು ಮಾಡಿದರು. ಈ ಕಾಮಾಲೆ ಬಸುರಿಯರ ಜೀವಕ್ಕೇ ಬರುತ್ತದೆಂದು ಅವರಿಗೆ ಗೊತ್ತಿತ್ತು. ಗದ್ದೆಯಾಚೆಯಿಂದ ನನಗೂ ಕೂಗಿದರು: "ಅಣ್ಣ, ಸೀಟಿ ಉಂಟಾ ಇನ್ನೂ? ತಗೊಂಡು ಬನ್ನಿ."

ಯಾಕೆಂದು ಬಿ.ಸಿ.ರೋಡಿನಲ್ಲಿ ಗೊತ್ತಾಯಿತು. ಹೆದ್ದಾರಿ ಕೆಲಸ ನಡೆದು ಲಾರಿ, ಬಸ್ಸು, ರಿಕ್ಷಾ ಒಂದಕ್ಕೊಂದು ಸಿಕ್ಕಿಕೊಂಡಿದ್ದವು. ಆಂಬುಲೆನ್ಸಿನ ಸೈರನ್ನಿಗೆ ಯಾರೂ ಕದಲಲಿಲ್ಲ, ಕದಲಲು ಜಾಗವೇ ಇರಲಿಲ್ಲ. ನಾನು ಇಳಿದು, ಊದಿದ ಮೊಣಕಾಲಿನಲ್ಲೇ ನಡುರಸ್ತೆಗೆ ಹೋಗಿ, ಸೀಟಿ ಊದಿ ಒಂದೊಂದೇ ಗಾಡಿಯನ್ನು ಹಿಂದೆ ಮುಂದೆ ಮಾಡಿಸಿದೆ. ಹಳೆಯ ಡ್ರೈವರುಗಳು ಗುರುತು ಹಿಡಿದು ದಾರಿ ಬಿಟ್ಟರು. ಪೊಲೀಸನೊಬ್ಬ, "ನೀವು ಯಾರು ಮಾರಾಯ್ರೆ?" ಎಂದು ಕೇಳಿದ. ಉತ್ತರ ಕೊಡಲು ಸಮಯವಿರಲಿಲ್ಲ. ಬಾಳಿನಲ್ಲಿ ಮೊದಲ ಸಲ ಆ ಪ್ರಶ್ನೆಗೆ ನಾನು ಉತ್ತರ ಕೊಡದೆ ಹೋದೆ.

ಹಿಂದಿನ ಸೀಟಿನಲ್ಲಿ ಸಿಸ್ಟರ್ ಹುಡುಗಿಯ ಕೆನ್ನೆ ತಟ್ಟುತ್ತಾ ಮಾತಾಡಿಸುತ್ತಿದ್ದರು. ಹುಡುಗಿಗೆ ಮಂಪರು. "ಮಲಗಬೇಡ ಮಗಾ. ನನ್ನ ಹತ್ತಿರ ಮಾತಾಡು. ಏನಾದ್ರೂ ಹೇಳು."

ಅವಳು ತುಂಬಾ ಹೊತ್ತಿನ ಮೇಲೆ ಹೇಳಿದಳು: "ನೀವು ಹೇಳಿದ ಹಾಗೇ ಮಾಡಿದೆ ಸಿಸ್ಟರ್. ಎಲ್ಲಿ ಹೋದ್ರೂ ಬಿಸಿ ನೀರೇ ಕುಡಿದದ್ದು."

ಮಂಗಳೂರಿನಲ್ಲಿ ಮಗುವನ್ನು ಉಳಿಸಿದರು. ತಾಯಿ ಉಳಿಯಲಿಲ್ಲ.

ಸಿಸ್ಟರ್ ಹುಡುಗಿಯ ಆ ಬಿಸಿ ನೀರಿನ ಮಾತನ್ನು ಎತ್ತಿಕೊಂಡು ತಿರುಗಿದರು. ಕಾಮಾಲೆ ಬಂದವರ ಮನೆಗೆಲ್ಲ ಹೋಗಿ ಕೇಳಿದರು. ಎಲ್ಲರೂ ಹೇಳಿದ್ದು ಒಂದೇ: ಸೀಮಂತದ ಹಾಲ್‌ನಲ್ಲಿ ಬಿಸಿ ನೀರೇ ಕೊಟ್ಟದ್ದು, ಜೀರಿಗೆ ಹಾಕಿ ಕುದಿಸಿದ್ದು. ಕೊನೆಗೆ ನಮ್ಮ ಮನೆಗೂ ಬಂದರು. ನನ್ನ ಹೆಂಡತಿಗೆ ಏನೂ ಆಗಿರಲಿಲ್ಲ. ನನ್ನ ಜೊತೆ ಇಷ್ಟು ವರ್ಷ ಬದುಕಿದವಳಿಗೆ ಬರೀ ನೀರು ಏನು ಮಾಡೀತು? ಅವಳು ಬೆಲ್ಲ ನೀರು ತಂದಿಟ್ಟಳು. ಸಿಸ್ಟರ್ ಬೆಲ್ಲ ಬಾಯಿಗೆ ಹಾಕಿಕೊಂಡರು, ನೀರು ಮುಟ್ಟಲಿಲ್ಲ.

"ಅಕ್ಕ, ಆ ದಿನದ ನೀರು ಹೇಗಿತ್ತು? ಬಾಯಿ ಸುಡ್ತಿತ್ತಾ?"

"ಇಲ್ಲಪ್ಪ. ಹದವಾಗಿತ್ತು. ಗಟಗಟ ಕುಡೀಬಹುದಿತ್ತು."

"ಅಷ್ಟು ಜನರಿಗೆ ಬೆಳಿಗ್ಗೆ ಕುದಿಸಿದ ನೀರು ಮಧ್ಯಾಹ್ನಕ್ಕೆ ಹದ ಹೇಗೆ ಆಯ್ತು?"

"ಹೇಗೆ ಅಂದ್ರೆ? ತಣ್ಣೀರು ಬೆರೆಸಿದ್ದು. ಬೆರೆಸದೆ ಆ ಸೆಕೆಗೆ ಯಾರು ಕುಡೀತಾರೆ? ನಾವೇ ಕೇಳಿ ಬೆರೆಸಿಕೊಂಡದ್ದು."

ಸಿಸ್ಟರ್ ಮುಟ್ಟದ ಲೋಟವನ್ನು ಪಕ್ಕಕ್ಕೆ ಸರಿಸಿದರು. ನಮ್ಮ ಕರಾವಳಿಯ ಎಷ್ಟು ಚಪ್ಪರಗಳಲ್ಲಿ ಆ ಮಾತು ಕೇಳಿದ್ದೇನೆ: ಸ್ವಲ್ಪ ತಣ್ಣೀರು ಬೆರೆಸಿ ಕೊಡಿ. ನೀರು ಕುದಿಸುವುದನ್ನು ನಾವು ಕಲಿತಿದ್ದೆವು. ಕುದಿಸಿದ್ದಕ್ಕೆ ಬಾವಿಯ ಹಸಿ ನೀರು ಸುರಿದು, ಬಿಸಿ ನೀರು ಕುಡಿದೆವು ಎಂದು ಧೈರ್ಯವಾಗಿರುತ್ತಿದ್ದೆವು. ಅದೂ ಏಪ್ರಿಲ್ ಮೇಯಲ್ಲಿ, ಬಾವಿಯ ತಳ ಕಾಣುವಾಗ, ಮದುವೆಗಳೆಲ್ಲ ಒಟ್ಟಿಗೆ ಬರುವಾಗ.

"ಮನೆಮನೆಗೆ ಹೇಳುವ ಸಿಸ್ಟರ್. ನಾನೂ ಬರ್ತೇನೆ," ಎಂದೆ.

"ಹೇಳಿದ್ದನ್ನು ಕೇಳಿದವಳು ಸತ್ತಳಲ್ಲ ಅಣ್ಣ," ಎಂದರು. "ಕುಡಿಯುವವರು ಎಷ್ಟು ಜಾಗ್ರತೆ ಮಾಡಿದ್ರೆ ಏನು, ಕೊಡುವ ಜಾಗದಲ್ಲಿ ಸರಿ ಇಲ್ಲದಿದ್ರೆ? ಇದು ಪಂಚಾಯತಿನಲ್ಲಿ ನಿಯಮ ಆಗ್ಬೇಕು."

ಮುಂದಿನ ವರ್ಷ ಮೇ ಕೊನೆಗೆ ಅವರ ನಿವೃತ್ತಿ. ಅಷ್ಟರೊಳಗೆ ಆಗದಿದ್ದರೆ ಹೊಸಬರು ಬಂದು ಮತ್ತೆ ಮೊದಲಿನಿಂದ ಶುರು ಮಾಡಬೇಕು, ಅಥವಾ ಯಾರೂ ಮಾಡುವುದಿಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮುಂದಿನ ಮದುವೆ ಸೀಸನ್ನಿಗೆ ಮೊದಲು ಗ್ರಾಮಸಭೆ ಕರೆದಾಗ ಸಿಸ್ಟರ್ ಎದ್ದು ನಿಂತು ತಮ್ಮ ಬೇಡಿಕೆ ಇಟ್ಟರು. ಸಮಾರಂಭ ಎಲ್ಲೇ ಇರಲಿ, ಕುಡಿಯುವ ನೀರನ್ನು ಹಿಂದಿನ ದಿನವೇ ಕುದಿಸಿ ಮುಚ್ಚಿದ ಪಾತ್ರೆಯಲ್ಲೇ ತಣಿಸಬೇಕು. ಕುದಿಸಿದ್ದಕ್ಕೆ ಹಸಿ ನೀರು ಬೆರೆಸಬಾರದು. ಬಡಿಸುವ ಮೊದಲು ಆರೋಗ್ಯ ಕೇಂದ್ರದವರು ಬಂದು ನೋಡಬೇಕು.

ನಮ್ಮ ಅಧ್ಯಕ್ಷರು ಗಲ್ಫಿನಲ್ಲಿ ಹೋಟೆಲು ನಡೆಸಿ ಬಂದವರು. ಕೆಟ್ಟವರಲ್ಲ, ಯಾರನ್ನೂ ಎದುರು ಹಾಕಿಕೊಳ್ಳದವರು. ಕ್ಯಾಟರಿಂಗಿನ ಯಜಮಾನರು ಎದ್ದು, "ಸಿಸ್ಟರ್, ನಾಳೆ ಉಪ್ಪು ಎಷ್ಟು ಹಾಕ್ಬೇಕು ಅಂತಲೂ ನೀವೇ ಬಂದು ಹೇಳ್ತೀರಾ?" ಎಂದಾಗ ಸಭೆಯೇ ನಕ್ಕಿತು. ಅಧ್ಯಕ್ಷರೂ ನಕ್ಕು, "ಮದುವೆ ಮನೆಗೆ ಸರಕಾರದವರು ನೀರು ನೋಡ್ಲಿಕ್ಕೆ ಬಂದ್ರೆ ಗಂಡಿನ ಕಡೆಯವರು ಎಂತ ಹೇಳ್ತಾರೆ? ಇದನ್ನು ಮುಂದಿನ ಸಭೆಗೆ ಇಡುವ," ಎಂದರು.

"ಮುಂದಿನ ಸಭೆ ಯಾವಾಗ?"

"ಮಳೆ ಹಿಡಿದ ಮೇಲೆ."

"ಮಳೆ ಹಿಡಿಯುವ ಮೊದಲು ಎಷ್ಟು ಮದುವೆ ಉಂಟು ಅಧ್ಯಕ್ಷರೇ? ನಿಮ್ಮ ಮನೆಯದ್ದೂ ಸೇರಿಸಿ ಹೇಳಿ."

ಅಧ್ಯಕ್ಷರ ಮಗಳ ಮದುವೆಯ ಕಾಗದ ಆಗಲೇ ಹಂಚಿಯಾಗಿತ್ತು. ಅವರು, "ನನ್ನ ಮನೆಯಲ್ಲಿ ನೀವು ಹೇಳಿದ ಹಾಗೆ ಮಾಡಿಸ್ತೇನೆ. ನಿಯಮ ಎಲ್ಲ ಆಮೇಲೆ," ಎಂದು ಎದ್ದರು.

ಮದುವೆ ಅವರ ಮನೆಯಂಗಳದಲ್ಲೇ. ಮಾತಿಗೆ ತಪ್ಪಲಿಲ್ಲ, ಹಿಂದಿನ ದಿನ ನೀರು ಕುದಿಸಿ ಇಡಿಸಿದ್ದರು. ಆದರೆ ಜನ ಎಣಿಸಿದ್ದಕ್ಕಿಂತ ಹೆಚ್ಚು ಬಂದರು, ಸೆಕೆಯೂ ಹಾಗೇ ಇತ್ತು. ಮೊದಲ ಪಂಕ್ತಿ ಏಳುವಾಗಲೇ ತಣಿದ ನೀರು ಮುಗಿಯಿತು. ಎರಡನೇ ಪಂಕ್ತಿ ಕೂತಾಗಿತ್ತು, ಎಲೆಗೆ ಉಪ್ಪು ಬಿದ್ದಾಗಿತ್ತು. ನಾನು ಹಿಂದಕ್ಕೆ ಹೋಗಿ ನೋಡಿದರೆ, ಆಗಷ್ಟೇ ಕುದಿಸಿದ ನೀರನ್ನು ಡ್ರಮ್ಮಿಗೆ ಸುರಿದು, ಅದರೊಳಗೆ ಬಾವಿಯ ಪಂಪಿನ ಪೈಪು ಬಿಟ್ಟಿದ್ದಾರೆ. ಪೈಪು ಬುಳುಬುಳು ಎನ್ನುತ್ತಿದೆ. ಅಡುಗೆಯವನೊಬ್ಬ ಬೆರಳು ಅದ್ದಿ, "ಹದ ಆಯ್ತು, ತಗೊಳ್ಳಿ," ಎಂದ.

ಅತ್ತ ಪಂಕ್ತಿಯಲ್ಲಿ ಸಿಸ್ಟರ್ ಎದ್ದು ನಿಂತಿದ್ದರು. ಅವರಿಗೂ ಪೈಪು ಕಂಡಿತ್ತು. ಊಟಕ್ಕೆ ಕೂತವರು ನಡುವೆ ಏಳುವುದೆಂದರೆ ನಮ್ಮಲ್ಲಿ ಚಪ್ಪರವೇ ತಿರುಗಿ ನೋಡುತ್ತದೆ. ಅವರು ಅಧ್ಯಕ್ಷರ ಕಡೆಗೆ ನಡೆಯುತ್ತಿದ್ದರು. ಇತ್ತ ನನ್ನ ಗುಂಪಿನವರು ನೀರಿನ ಜಗ್ಗು ಹಿಡಿದು ಡ್ರಮ್ಮಿಗೆ ಬಾಗುತ್ತಿದ್ದರು. ಅವರನ್ನು ತಡೆದು ನಿಯಮ ವಿವರಿಸುವಷ್ಟರಲ್ಲಿ ಅರ್ಧ ಪಂಕ್ತಿ ಕುಡಿದಿರುತ್ತಿತ್ತು.

ಆಗ ನಾನು ಜಾರಿದೆ.

ನನ್ನ ಜಾರುವಿಕೆಯನ್ನು ನೋಡಿದವರು ಈಗಲೂ ಹೇಳುತ್ತಾರೆ. ಒಂದು ಕಾಲು ಪೂರ್ವಕ್ಕೆ, ಒಂದು ಕಾಲು ಪಶ್ಚಿಮಕ್ಕೆ, ಭುಜ ಸೀದಾ ಡ್ರಮ್ಮಿಗೆ. ಡ್ರಮ್ಮು ಉರುಳಿ, ನೀರು ಅಂಗಳದಲ್ಲಿ ಹರಿದು, ಗಂಡಿನ ಸೋದರಮಾವನ ರೇಷ್ಮೆ ಪಂಚೆಯನ್ನು ಮೊಣಕಾಲಿನವರೆಗೆ ನೆನೆಸಿತು. ನನಗೆ ಒಂದು ಗೀರೂ ಆಗಲಿಲ್ಲ. ಆ ವಯಸ್ಸಿನಲ್ಲಿ ಹಾಗೆ ಬೀಳುವವರು ಇದ್ದರೆ ತೋರಿಸಿ.

ಪಂಕ್ತಿಗೆ ಮಜ್ಜಿಗೆಯೂ ಎಳನೀರಿನ ಬೊಂಡವೂ ಓಡಿದವು. ಅಧ್ಯಕ್ಷರು ಎಲ್ಲರೆದುರು ನನ್ನ ಮೇಲೆ ರೇಗಿದರು. ನಾನು ಕುಂಟುವ ನಟನೆ ಮಾಡುತ್ತಾ ಹಲಸಿನ ಮರದ ಹಿಂದೆ ಹೋದೆ, ಸಿಸ್ಟರ್ ಬೆನ್ನು ತಟ್ಟಲು ಬರುತ್ತಾರೆ ಎಂದುಕೊಂಡು. ಅವರು ಬಂದರು. ಹುಬ್ಬಿನ ಎರಡೂ ಅರ್ಧ ಮೇಲೇರಿದ್ದವು. ಅದನ್ನು ನಾನು ನೋಡಿದ್ದು ಆ ಒಂದೇ ಸಲ.

"ಯಾರು ಹೇಳಿದ್ದು ನಿಮಗೆ ಬೀಳ್ಲಿಕ್ಕೆ?"

"ಸಿಸ್ಟರ್, ಆ ನೀರು..."

"ನಾನು ಅವರ ಹತ್ತಿರ ಹೋಗ್ತಿದ್ದೆ. ಆ ನೀರು ಚೆಲ್ಲಿ ಅಂತ ಅವರ ಬಾಯಿಯಿಂದ ಬರ್ಬೇಕಿತ್ತು ಅಣ್ಣ, ಅಷ್ಟು ಜನರ ಎದುರು. ಈಗ ಊರಿಗೆ ನೆನಪಿರುವುದು ನೀವು ಬಿದ್ದದ್ದು. ನೀರಿಗೆ ಪೈಪು ಬಿಟ್ಟದ್ದು ಯಾರಿಗೂ ನೆನಪಿರುವುದಿಲ್ಲ. ಇವತ್ತು ಒಂದು ಡ್ರಮ್ ಉರುಳಿಸಿದ್ರಿ. ನಾಳೆ ಇನ್ನೊಂದು ಮದುವೆಯಲ್ಲಿ ಯಾರು ಬೀಳ್ತಾರೆ? ನೀವು ಎಷ್ಟು ಕಡೆ ಬೀಳ್ತೀರಿ?"

"ಅಷ್ಟರೊಳಗೆ ಅವರು ಕುಡಿದಿರ್ತಿದ್ರು ಸಿಸ್ಟರ್."

ಇಬ್ಬರೂ ಒದ್ದೆ ಅಂಗಳ ನೋಡುತ್ತಾ ನಿಂತೆವು.

ಅವರು ಹೆದರಿದ ಹಾಗೇ ಆಯಿತು. ಸಿಸ್ಟರೇ ಹೇಳಿ ಮದುವೆ ಕೆಡಿಸಿದರು ಎಂದು ಊರಿನಲ್ಲಿ ಮಾತು ಹುಟ್ಟಿತು. ನಾನು ಹುಟ್ಟಿಸದ ಸುದ್ದಿ ಅಷ್ಟು ವೇಗವಾಗಿ ಓಡಿದ್ದು ನನಗೆ ಅವಮಾನವೇ ಆಯಿತು. ಅಧ್ಯಕ್ಷರು ತಾಲೂಕು ಆರೋಗ್ಯ ಕಚೇರಿಗೆ ಫೋನು ಮಾಡಿದರು. ಬೆಳ್ತಂಗಡಿಯಿಂದ ಸಿಸ್ಟರಿಗೆ ಕರೆ ಬಂತು, ವಿವರಣೆ ಕೊಡಬೇಕೆಂದು. ನಿವೃತ್ತಿಗೆ ಉಳಿದ ಸ್ವಲ್ಪ ದಿನಕ್ಕಾದರೂ ಎಲ್ಲಾದರೂ ದೂರ ಹಾಕಿಸುತ್ತಾರಂತೆ ಎಂದು ಜನ ಆಡಿಕೊಂಡರು. ನಾನು ಬೆಳ್ತಂಗಡಿಗೆ ಹೋಗಿ, ಬಿದ್ದವನು ನಾನೇ, ಯಾರೂ ಬೀಳಿಸಿದ್ದಲ್ಲ ಎಂದು ಹೇಳಿ ಬಂದೆ. ಅವರು ನಂಬಿದರೋ ಇಲ್ಲವೋ, ಕೂರಿಸಿ ಚಹಾ ಕೊಟ್ಟರು.

ಸಿಸ್ಟರ್ ಮಾತ್ರ ಯಾರೂ ಎಣಿಸದ ಜಾಗಕ್ಕೆ ಹೋದರು. ಸಭೆಯಲ್ಲಿ ತಮಾಷೆ ಮಾಡಿದ ಕ್ಯಾಟರಿಂಗ್ ಯಜಮಾನರ ಅಡುಗೆಮನೆಗೆ. ನನ್ನನ್ನೂ ಕರೆದುಕೊಂಡು ಹೋದರು. "ಬಾಯಿ ತೆರೆಯುವುದಿಲ್ಲ ಅಂತ ಒಪ್ಪಿದ್ರೆ ಬನ್ನಿ," ಎಂದಿದ್ದರು.

"ನಿಮಗೆ ಉಪ್ಪು ಹೇಳ್ಲಿಕ್ಕೆ ಬಂದದ್ದಲ್ಲ," ಎಂದು ಶುರು ಮಾಡಿದರು. "ನೀರು ಬೆರೆಸದೆ ಒಂದು ಮದುವೆ ಮಾಡ್ಬೇಕಾದ್ರೆ ನಿಮಗೆ ಎಂತೆಲ್ಲ ಬೇಕು?"

ಆ ಮನುಷ್ಯ ಬಯ್ಗುಳಕ್ಕೆ ಸಿದ್ಧವಾಗಿ ಕೂತಿದ್ದ. ಪ್ರಶ್ನೆಗೆ ಸಿದ್ಧವಾಗಿರಲಿಲ್ಲ. ಸೌಟು ಕೆಳಗಿಟ್ಟ.

"ಪಾತ್ರೆ ಬೇಕು ಸಿಸ್ಟರ್. ಮುಚ್ಚಳ, ನಲ್ಲಿ ಇರುವ ದೊಡ್ಡ ಸ್ಟೀಲ್ ಪಾತ್ರೆ. ನಮ್ಮ ಹತ್ತಿರ ಇರುವುದು ಸಾಂಬಾರಿಗೇ ಸಾಕಾಗುವುದಿಲ್ಲ. ಹಿಂದಿನ ದಿನವೇ ಒಲೆ ಹಚ್ಚಲಿಕ್ಕೆ ಮನೆಯವರು ಒಪ್ಬೇಕು. ಮತ್ತೆ ಈ ಜನ ಉಂಟಲ್ಲ, ತಣ್ಣೀರು ಹಾಕಿ, ತಣ್ಣೀರು ಹಾಕಿ ಅಂತ ಬೊಬ್ಬೆ ಹಾಕ್ತಾರೆ. ಅವರಿಗೆ ಇಲ್ಲ ಅಂತ ಹೇಳುವವ ಒಬ್ಬ ಬೇಕು. ನಾನು ಹೇಳಿದ್ರೆ ನಾಳೆ ನನ್ನನ್ನು ಕರೆಯುವುದಿಲ್ಲ."

"ಅದು ಪಂಚಾಯತು ಹೇಳಿದ್ರೆ?"

"ಆಗ ನನ್ನ ತಲೆ ಮೇಲೆ ಇಲ್ಲ."

ಸಿಸ್ಟರ್ ತಮ್ಮ ಬೇಡಿಕೆಯನ್ನು ಬದಲಿಸಿದ್ದು ಅಲ್ಲೇ, ಆ ಒಲೆಯ ಬದಿಯಲ್ಲಿ. ಪಾತ್ರೆಗಳನ್ನು ಪಂಚಾಯತೇ ಇಟ್ಟುಕೊಂಡು ಸಮಾರಂಭದ ಮನೆಗಳಿಗೆ ಕೊಡಬೇಕು. ಬೆರೆಸಬಾರದು ಎಂಬ ಬೋರ್ಡು ಪಂಚಾಯತಿನ ಹೆಸರಿನಲ್ಲಿ ಚಪ್ಪರದಲ್ಲಿರಬೇಕು. ನೀರು ಸಾಲದಿದ್ದರೆ ಪಂಕ್ತಿ ಕಾಯಬೇಕು.

ಆಮೇಲೆ ಒಂದು ಭಾನುವಾರ ಮೂಡುಬಿದಿರೆಯಲ್ಲಿ ಸುತ್ತಲಿನ ಕೇಂದ್ರಗಳ ನರ್ಸುಗಳನ್ನು, ಆಶಾ ಕಾರ್ಯಕರ್ತೆಯರನ್ನು ಒಟ್ಟು ಮಾಡಿದರು. ಬಂಟ್ವಾಳದ ಕಡೆಯವರೂ ಬಂದಿದ್ದರು. ನಾನು ಬಾಗಿಲಿನಲ್ಲಿ ನಿಂತು ಚಹಾ ಹಂಚಿದೆ. ಒಬ್ಬ ಚಿಕ್ಕ ಪ್ರಾಯದ ನರ್ಸು ಹೇಳಿದಳು: "ಅಕ್ಕ, ನಾವು ಇಂಜೆಕ್ಷನ್ ಕೊಡುವವರು. ಪಂಚಾಯತಿನಲ್ಲಿ ಎದ್ದು ಮಾತಾಡಿದ್ರೆ, ಇದು ನಿಮ್ಮ ಕೆಲಸ ಅಲ್ಲ ಅಂತ ಹೇಳ್ತಾರೆ."

"ಹೇಳ್ತಾರೆ," ಎಂದರು ಸಿಸ್ಟರ್. "ನನಗೆ ಹೇಳಿಯೂ ಆಯ್ತು. ಆದ್ರೆ ಆಂಬುಲೆನ್ಸಿನ ಹಿಂದೆ ಕೂತುಕೊಳ್ಳುವುದು ಯಾರು? ನಾವಲ್ವಾ? ಹಾಗಾದ್ರೆ ಅದಕ್ಕೆ ಮೊದಲಿನ ಕೆಲಸವೂ ನಮ್ಮದೇ."

ಎಲ್ಲರೂ ತಮ್ಮ ತಮ್ಮ ಪಂಚಾಯತಿನಲ್ಲಿ ಅದೇ ಬೇಡಿಕೆ ಇಡುವುದೆಂದು ಮಾತಾಯಿತು. ಪಕ್ಕದ ಪಂಚಾಯತಿನ ಅಧ್ಯಕ್ಷೆ ಕೂಡಲೇ ಒಪ್ಪಿ ಸಭೆಯ ದಿನವನ್ನೂ ಗೊತ್ತು ಮಾಡಿದರು. ಸಿಸ್ಟರ್ ನನ್ನನ್ನು ಕರೆದರು.

"ಅಣ್ಣ, ನಮ್ಮ ಊರಿನಲ್ಲಿ ಒಂದು ಸುದ್ದಿ ಹರಡ್ಬೇಕು. ಪಕ್ಕದ ಪಂಚಾಯತು ನಮಗಿಂತ ಮೊದಲು ನಿಯಮ ಮಾಡ್ತದೆ ಅಂತ."

"ಎರಡು ಹೋಟೆಲು, ಒಂದು ಸೆಲೂನು. ಸಂಜೆಯೊಳಗೆ ಆಗ್ತದೆ."

"ಆದ್ರೆ ಇದು ಸತ್ಯ ಸುದ್ದಿ. ನಿಮಗೆ ಅಭ್ಯಾಸ ಇಲ್ಲ. ಏನೂ ಸೇರಿಸ್ಬೇಡಿ."

ಸೇರಿಸಲಿಲ್ಲ. ಬಹಳ ಕಷ್ಟವಾಯಿತು. ಆದರೆ ಎರಡೇ ದಿನದಲ್ಲಿ ಅಧ್ಯಕ್ಷರು ವಿಶೇಷ ಗ್ರಾಮಸಭೆ ಕರೆದರು.

ಮೇ ತಿಂಗಳ ಆ ಸಭೆಯಲ್ಲಿ ಫ್ಯಾನು ತಿರುಗುತ್ತಿದ್ದರೂ ಎಲ್ಲರ ಅಂಗಿ ಬೆನ್ನಿಗೆ ಅಂಟಿತ್ತು. ಸಿಸ್ಟರ್ ಅವರ ನಿವೃತ್ತಿ ಆ ವಾರದ ಕೊನೆಗೆ. ಹಿಂದಿನ ಬೆಂಚಿನಲ್ಲಿ, ಸತ್ತ ಹುಡುಗಿಯ ತಾಯಿಯನ್ನು ಕರೆತಂದು ಎದುರು ನಿಲ್ಲಿಸಿದ್ದರೆ ಕೆಲಸ ಸುಲಭವಾಗುತ್ತಿತ್ತು ಎಂದು ಯಾರೋ ಪಿಸುಗುಟ್ಟಿದರು. ನಾನೂ ಅದನ್ನು ಹಿಂದಿನ ದಿನ ಸಿಸ್ಟರಿಗೆ ಹೇಳಿದ್ದೆ. "ಅವಳು ಮಗುವನ್ನು ಸಾಕಲಿ. ಅವಳನ್ನು ಸಭೆಯಲ್ಲಿ ಅಳಿಸಿ ನಿಯಮ ಮಾಡಿಸುವುದು ನನಗೆ ಬೇಡ," ಎಂದಿದ್ದರು.

ಕ್ಯಾಟರಿಂಗ್ ಯಜಮಾನರು ಎದ್ದು ನಿಂತಾಗ ಎಲ್ಲರೂ ನಗಲು ತಯಾರಾದರು. ಅವರು ನಗಿಸಲಿಲ್ಲ. "ಪಾತ್ರೆ ಕೊಟ್ರೆ ನಾನು ಮಾಡ್ತೇನೆ. ಜನ ಗಲಾಟೆ ಮಾಡಿದ್ರೆ ಪಂಚಾಯತು ನೋಡಿಕೊಳ್ಬೇಕು," ಎಂದು ಕೂತರು.

ಎಲ್ಲರ ಕಣ್ಣು ಅಧ್ಯಕ್ಷರ ಮೇಲೆ. ಅವರು ಮೇಜಿನ ಮೇಲಿನ ಪೇಪರ್‌ವೇಟನ್ನು ತಿರುಗಿಸುತ್ತಾ ಕೂತಿದ್ದರು. ಕೊನೆಗೆ ತಲೆ ಎತ್ತದೆ ಕೇಳಿದರು: "ನನ್ನ ಮಗಳ ಮದುವೆಯಲ್ಲಿ ಇವರು ಚೆಲ್ಲಿದ ನೀರು. ಅದರಲ್ಲಿ ರೋಗ ಇತ್ತಾ ಸಿಸ್ಟರ್?"

ಹೌದು ಎಂದು ಹೇಳಿದರೆ ಮುಗಿಯಿತು ಎಂದು ನನಗೆ ಅನ್ನಿಸಿತು. ನಾನಾಗಿದ್ದರೆ ಹೌದು ಎನ್ನುತ್ತಿದ್ದೆ, ಡ್ರಮ್ಮಿನಲ್ಲಿ ಹುಳ ಈಜುತ್ತಿದ್ದುದನ್ನು ಕಣ್ಣಾರೆ ನೋಡಿದೆ ಎಂದೂ ಸೇರಿಸುತ್ತಿದ್ದೆ. ಸಿಸ್ಟರ್ ಹೇಳಿದರು: "ಗೊತ್ತಿಲ್ಲ ಅಧ್ಯಕ್ಷರೇ. ಇದ್ದಿರಬಹುದು, ಇಲ್ಲದೆಯೂ ಇರಬಹುದು. ನೀರು ನೋಡಿದ್ರೆ ತಿಳಿಯುವುದಿಲ್ಲ. ಕುಡಿದಿದ್ರೆ ತಿಂಗಳು ಕಾದು ನೋಡ್ಬೇಕಿತ್ತು."

ಪೇಪರ್‌ವೇಟು ನಿಂತಿತು.

"ನನ್ನ ಮಗಳು ಎರಡನೇ ಪಂಕ್ತಿಯಲ್ಲಿ ಕೂತಿದ್ದಳು," ಎಂದರು ಅಧ್ಯಕ್ಷರು. "ಧಾರೆಯ ಶಾಸ್ತ್ರ ಮುಗಿಸಿ ಬಂದವಳು, ಬಾಯಾರಿಕೆ ಆಗ್ತದೆ ಅಂತ ನನ್ನ ಹತ್ತಿರವೇ ನೀರು ಕೇಳಿದ್ದಳು. ತರ್ಲಿಕ್ಕೆ ನಾನೇ ಹೇಳಿದ್ದೆ."

ಅಧ್ಯಕ್ಷರು ನಿರ್ಣಯವನ್ನು ತಾವೇ ಓದಿದರು. ಒಪ್ಪುವವರು ಕೈ ಎತ್ತಿ ಎಂದಾಗ ಮೊದಲು ಎತ್ತಿದ್ದು ಅವರದ್ದೇ ಕೈ. ಪಕ್ಕದ ಪಂಚಾಯತಿಗಿಂತ ಮೂರು ದಿನ ಮೊದಲು ನಮ್ಮಲ್ಲಾಯಿತು. ಮುಂದಿನ ವರ್ಷ ಇನ್ನೂ ಕೆಲವು ಪಂಚಾಯತುಗಳಲ್ಲಿ ಆಯಿತು, ಅಲ್ಲಲ್ಲಿಯ ನರ್ಸುಗಳೇ ಎದ್ದು ನಿಂತು ಮಾಡಿಸಿದ್ದು.

ಸಭೆ ಮುಗಿದು ಹೊರಗೆ ಬಂದಾಗ, "ಈಗ ನನ್ನ ಬೀಳುವಿಕೆಗೆ ಮರ್ಯಾದೆ ಬಂತಲ್ಲ ಸಿಸ್ಟರ್?" ಎಂದು ಕೇಳಿದೆ. "ನೀವು ಬಿದ್ದಿರದಿದ್ರೆ ಇನ್ನೂ ಮೊದಲು, ಗೇರು ಹಣ್ಣಿನ ಕಾಲದಲ್ಲೇ ಆಗ್ತಿತ್ತು," ಎಂದು ಹೇಳಿ ಬಸ್ಸು ಹತ್ತಿದರು. ಒಳಗಿನಿಂದ ಕೈ ಬೀಸಿದರು. ಅಷ್ಟು ಹೊಗಳಿಕೆ ನನಗೆ ಬೇರೆ ಯಾರಿಂದಲೂ ಸಿಕ್ಕಿಲ್ಲ.

ನಿವೃತ್ತಿಯಾದ ಮೇಲೂ ಸಿಸ್ಟರ್ ನಮ್ಮ ಊರಿನಲ್ಲೇ ಉಳಿದರು. ಸಂಜೆ ಹೊತ್ತು ನಮ್ಮ ಜಗಲಿಗೆ ಬಂದು ಕೂತು, ನಾನು ಹೇಳುವ ಸುಳ್ಳುಗಳಲ್ಲಿ ಎಲ್ಲಿ ಹೊಂದುವುದಿಲ್ಲ ಎಂದು ತಿದ್ದುತ್ತಿದ್ದರು. ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ, ಅಂಗಳ ಗುಡಿಸುತ್ತಿದ್ದವರು ಎದೆ ಹಿಡಿದು ಕೂತರು. ಮತ್ತೆ ಏಳಲಿಲ್ಲ.

ಬೊಜ್ಜದ ದಿನ, ಉತ್ತರಕ್ರಿಯೆಯ ಊಟಕ್ಕೆ, ಬಡಿಸುವ ಯಜಮಾನಿಕೆ ನನ್ನದೇ. ಬೇರೆಯವರಿಗೆ ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಮೂರು ತಾಲೂಕಿನಿಂದ ಜನ ಬಂದರು, ಅವರು ಹೆರಿಗೆ ಮಾಡಿಸಿದ ಮಕ್ಕಳು ತಮ್ಮ ಮಕ್ಕಳನ್ನು ಎತ್ತಿಕೊಂಡು ಬಂದರು. ತಣಿಸಿಟ್ಟ ನೀರು ಬೇಗ ಮುಗಿಯಿತು. ಮತ್ತೆ ಕುದಿಸಿದ್ದು ಇನ್ನೂ ಹೊಗೆಯಾಡುತ್ತಿತ್ತು. ಎಲೆ ಹಾಕಿ ಬಡಿಸಿಯೂ ಆಗಿತ್ತು. ಮುಂಬಯಿಯಿಂದ ಬಂದ ಅವರ ನೆಂಟರೊಬ್ಬರು ನನ್ನ ಕಡೆ ತಿರುಗಿ, "ಎಂತ ಮಾರಾಯ್ರೆ, ನೀರು ಇಲ್ವಾ? ಸ್ವಲ್ಪ ತಣ್ಣೀರು ಬೆರೆಸಿ ಕೊಡಿ," ಎಂದರು.

ನಾನು ಉತ್ತರ ಕೊಡುವ ಮೊದಲೇ ಪಾತ್ರೆಯ ಬಳಿ ನಿಂತಿದ್ದ ಹುಡುಗಿ ಹೇಳಿದಳು. ಆರೋಗ್ಯ ಕೇಂದ್ರಕ್ಕೆ ಹೊಸದಾಗಿ ಬಂದ ನರ್ಸು, ವಿಜಯಪುರದ ಕಡೆಯವಳು. ಬಂದು ಒಂದು ವಾರವೂ ಆಗಿರಲಿಲ್ಲ.

"ಬೆರಸಂಗಿಲ್ರೀ. ಇನ್ನಾ ಬಿಸಿ ಐತಿ. ಆರೂತನಕಾ ತಡೀರಿ."

"ಸತ್ತವರ ಮನೆಯಲ್ಲೂ ಇದೆಲ್ಲ ಬೇಕಾ?"

"ಯಾರ ಮನ್ಯಾಗಾದ್ರೂ ಒಂದ ರೀ ಯಜಮಾನ್ರ. ಪಂಚಾಯ್ತಿ ನಿಯಮ ಐತಿ. ನಾ ಮಾಡಿದ್ದಲ್ಲ."

ಯಾರು ಮಾಡಿಸಿದ್ದು ಎಂದು ಅವಳಿಗೆ ಗೊತ್ತಿರಲಿಲ್ಲ. ತೀರಿಕೊಂಡವರು ಇಲ್ಲಿಯ ಹಳೆಯ ಸಿಸ್ಟರ್ ಎಂದಷ್ಟೇ ತಿಳಿದು ಬಂದಿದ್ದಳು. ಹೇಳಲು ನಾನು ಬಾಯಿ ತೆರೆದೆ, ಆ ಕತೆ ನನಗಿಂತ ಚೆನ್ನಾಗಿ ಯಾರು ಹೇಳಿಯಾರು? ಆದರೆ ಅವಳು ಆಗಲೇ ಇನ್ನೊಂದು ಪಾತ್ರೆಯ ಮುಚ್ಚಳ ಸರಿಯಾಗಿದೆಯೋ ನೋಡಲು ಹೋಗಿದ್ದಳು. ನಾನು ಜಗ್ಗು ಕೆಳಗಿಟ್ಟೆ.

ಮುಂದಿನ ಸಾಲಿನಲ್ಲಿ ಹಳೆಯ ಅಧ್ಯಕ್ಷರು ಕೂತಿದ್ದರು. ಅವರು ಕಲಸಿದ ಅನ್ನದಿಂದ ಕೈ ತೆಗೆದು ಎಲೆಯ ಬದಿಗೆ ಇಟ್ಟುಕೊಂಡರು. ಪಕ್ಕದವರು ನೋಡಿ ತಾವೂ ಹಾಗೇ ಮಾಡಿದರು, ಅವರ ಪಕ್ಕದವರೂ. ಕೊನೆಗೆ ಮುಂಬಯಿಯವರೂ ಎಲೆಯಿಂದ ಕೈ ತೆಗೆದರು. ಎಲೆಯ ಮೇಲೆ ಸಾರು ಆರುತ್ತಿತ್ತು. ಇಡೀ ಪಂಕ್ತಿ ನೀರು ತಣಿಯುವವರೆಗೆ ಕಾದು ಕೂತಿತು.